ಕೈ ಮುಗಿಯಲು ಕೈ ಬಿಟ್ಟ ಸಾಹುಕಾರ

ಶರಣ ಬಂಧುಗಳೇ, ತಾಯಂದಿರೇ, ಇಷ್ಟು ದಿನ ಮೋಕ್ಷದ ದಾರಿ ಹೇಳಿದ್ದಾಯಿತು. ಆ ದಾರಿಯಲ್ಲಿ ಹೋಗಿ ವಾಪಸು ಬಂದವರು ನಮ್ಮಲ್ಲಿ ಯಾರೂ ಇಲ್ಲ. ಹಾಗಾಗಿ ನಾನು ಹೇಳಿದ್ದೇ ಸರಿ, ನೀವು ಕೇಳಿದ್ದೇ ಸರಿ, ತಪ್ಪು ಹಿಡಿಯುವವರು ಯಾರು? ಇವತ್ತು ಹಾಗಲ್ಲ. ಇವತ್ತು ನೀವು ದಿನಾ ಹೋಗಿಬರುವ ದಾರಿಯ ಮಾತು, ಊರಿಂದ ತೋಟಕ್ಕೆ ಹೋಗುವ ದಾರಿಯ ಮಾತು. ತಪ್ಪು ಹೇಳಿದರೆ ಇಲ್ಲೇ ಸಿಕ್ಕಿಬೀಳುತ್ತೇನೆ. ಆದರೂ ಹೇಳುತ್ತೇನೆ. ಯಾಕೆಂದರೆ ನಮ್ಮ ಕಡೆ ಬಹಳ ಮಂದಿ ಮೋಕ್ಷಕ್ಕೆ ಹೋಗಲು ಈ ತೋಟದ ದಾರಿಯನ್ನೇ ಒಳದಾರಿ ಮಾಡಿಕೊಂಡಿದ್ದಾರೆ.

ನಗಿರಿ, ನಗಿರಿ. ಹಿಂದೆ ಕಂಬಕ್ಕೆ ಒರಗಿ ಕೂತವರೂ ಈಗಲೇ ನಕ್ಕುಬಿಡಿ. ಸ್ವಲ್ಪ ಹೊತ್ತಾದ ಮೇಲೆ ನಗಲು ಆಗುವುದಿಲ್ಲ.

ಒಂದು ಊರು ಅನ್ನಿ. ಆ ಊರಿಗೆ ಒಬ್ಬ ಸಾಹುಕಾರ ಅನ್ನಿ. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಹೆಸರಿನವರು ನಾಳೆಯಿಂದ ಪ್ರವಚನಕ್ಕೆ ಬರುವುದಿಲ್ಲ, ಮಠದ ದಾಸೋಹಕ್ಕೆ ಬೇಳೆ ಕಳಿಸುವುದಿಲ್ಲ, ನೀವೆಲ್ಲ ಬರೀ ಅನ್ನ ಉಣ್ಣಬೇಕಾಗುತ್ತದೆ. ಅವನ ಹೆಂಡತಿಯ ಹೆಸರು ಮಾತ್ರ ಹೇಳುತ್ತೇನೆ, ತಂಗೆವ್ವ. ಈ ಕಥೆಯಲ್ಲಿ ಹೆಸರು ಕೆಡಿಸಿಕೊಳ್ಳದೆ ಉಳಿದವಳು ಆಕೆಯೊಬ್ಬಳೇ.

ಸಾಹುಕಾರನಿಗೆ ಏನು ಕಡಿಮೆ? ನೀರಾವರಿ ಭೂಮಿ ಇತ್ತು, ಕಣ್ಣು ಹಾಯುವಷ್ಟು ದೂರ ಕಬ್ಬು ಇತ್ತು, ಟ್ರ್ಯಾಕ್ಟರ್ ಇದ್ದವು, ಒಂದು ಜೀಪು ಇತ್ತು. ಆ ಜೀಪಿಗೆ ಹಾಡು ಹೇಳುವ ಹಾರ್ನ್ ಇತ್ತು. ಊರಿಂದ ತೋಟಕ್ಕೆ ಹೋಗುವ ದಾರಿಯ ಎರಡೂ ಕಡೆ ಆತನದೇ ಕಬ್ಬು. ದಾರಿ ಎಷ್ಟು ಅಗಲ ಅಂತೀರಿ? ಒಂದು ಟ್ರ್ಯಾಕ್ಟರ್ ಹೋದರೆ ಬದಿಯಲ್ಲಿ ಒಂದು ಎಮ್ಮೆ ಉಸಿರು ಬಿಗಿಹಿಡಿದು ನಿಲ್ಲಬೇಕು, ಅಷ್ಟು ಅಗಲ.

ಮೊದಲು ಹೀಗಿರಲಿಲ್ಲ ನೋಡಿ. ಡಾಂಬರಿನ ಎರಡೂ ಕಡೆ ಮಣ್ಣಿನ ಬದಿ ಇತ್ತು. ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಅದರ ಮೇಲೆ ಮಾತಾಡುತ್ತ ಹೋಗುತ್ತಿದ್ದರು. ಸಾಹುಕಾರ ಏನು ಮಾಡಿದ? ಪ್ರತಿ ಸಲ ಹೊಲ ಉಳಲು ರಂಟೆ ಹೊಡೆಸುವಾಗ ಒಂದು ಸಾಲು ದಾರಿಯ ಕಡೆಗೆ ಸರಿದ. ಮುಂದಿನ ವರ್ಷ ಇನ್ನೊಂದು ಸಾಲು ಸರಿದ. ಯಾರಾದರೂ ಕೇಳಿದರೆ ಆತನ ಉತ್ತರ ತಯಾರಿತ್ತು.

"ಭೂಮಿ ತಿರಗತೈತೋ ಇಲ್ಲೋ? ತಿರಗಿದ ಮ್ಯಾಲೆ ಹೊಲಾ ಅಷ್ಟರೆ ಸರಿಯೂದ ಬ್ಯಾಡೇನು?"

ವಿಜ್ಞಾನಿ ನಮ್ಮ ಸಾಹುಕಾರ! ಭೂಮಿ ತಿರುಗಿ ತಿರುಗಿ ಕಬ್ಬು ಡಾಂಬರಿನ ಅಂಚಿಗೆ ಬಂದು ನಿಂತಿತು. ಅದೇ ದಾರಿಯಲ್ಲಿ ಬೇವಿನ ಗಿಡದ ಹತ್ತಿರ ಒಂದು ತಿರುವು. ಕಬ್ಬು ಆಳೆತ್ತರ ಬೆಳೆದ ಮೇಲೆ ಆ ತಿರುವಿನಲ್ಲಿ ಎದುರಿನಿಂದ ಏನು ಬರುತ್ತಿದೆ ಎನ್ನುವುದು, ಅದು ಬಂದು ನಮಗೆ ಹಾಯ್ದ ಮೇಲೆಯೇ ಗೊತ್ತಾಗುತ್ತಿತ್ತು.

ಈಗ ಕೇಳಿ. ಸಾಹುಕಾರನಿಗೆ ಸಕ್ಕರೆ ಕಾಯಿಲೆ ಬಂತು. ಕಬ್ಬು ಬೆಳೆಯುವವನಿಗೆ ಸಕ್ಕರೆ ಬಾರದೆ ಇನ್ನೇನು ಬರುತ್ತದೆ? ಡಾಕ್ಟರು ಜೀಪು ಬಿಟ್ಟು ದಿನಾ ನಡೆಯಿರಿ ಎಂದರು. ಸಾಹುಕಾರ ಬಿಳಿ ಬೂಟು ಹಾಕಿಕೊಂಡು ಬೆಳಗ್ಗೆ ತೋಟದ ದಾರಿಗೆ ಇಳಿದ. ಹತ್ತು ಹೆಜ್ಜೆ ಇಟ್ಟಿರಲಿಕ್ಕಿಲ್ಲ, ಹಿಂದಿನಿಂದ ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಟಿಕೊಂಡು, ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡು ಬಂತು. ಸರಿಯೋಣವೆಂದರೆ ಸರಿಯಲು ಜಾಗವೆಲ್ಲಿ? ಬದಿಯೆಲ್ಲ ಆತನ ಹೊಲದೊಳಗೆ ಸೇರಿತ್ತಲ್ಲ. ಆತ ಕಬ್ಬಿನೊಳಗೆ ಹಾರಿದ. ರವದಿ, ಅಂದರೆ ಕಬ್ಬಿನ ಒಣ ಗರಿ, ಮುಖವೆಲ್ಲ ಗೀರಿತು, ಒಂದು ಬೂಟು ಕೆಸರಲ್ಲಿ ಉಳಿಯಿತು. ಟ್ರ್ಯಾಕ್ಟರ್ ದಾಟಿ ಹೋಗುವಾಗ ನೋಡುತ್ತಾನೆ, ಅದು ಆತನದೇ ಟ್ರ್ಯಾಕ್ಟರ್!

"ಏಯ್! ಈ ಗಾಡಿ ಹೊಡಿಯೋ ಮಂದೀಗಿ ಅಪ್ಪ ಅವ್ವ ಇಲ್ಲೇನಲೇ? ನಡಿಯೋರು ಮನಷ್ಯಾರಲ್ಲೇನು?" ಎಂದು ಕೂಗಿದ. ಹಾಡಿನ ಅಬ್ಬರದಲ್ಲಿ ಯಾರಿಗೆ ಕೇಳಬೇಕು.

ಮನೆಗೆ ಬಂದು, ಮುಖ ತೊಳೆದು, ಚಹಾ ಕುಡಿದು, ಅದೇ ಸಾಹುಕಾರ ಜೀಪು ಹತ್ತಿದ. ಅದೇ ದಾರಿ, ಅದೇ ಬೆಳಗು. ಮುಂದೆ ಕಳೆ ತೆಗೆಯಲು ಹೊರಟ ಹೆಣ್ಣಾಳುಗಳು ಹಿಂಡಾಗಿ ನಡೆಯುತ್ತಿದ್ದರು. ಆತ ಹಾರ್ನಿನ ಮೇಲೆ ಅಂಗೈ ಊರಿದ.

"ಈ ನಡಿಯೋ ಮಂದೀಗಿ ಕಣ್ಣ ಇಲ್ಲೇನು? ಹಾದಿ ಏನು ಇವರ ಅಪ್ಪಂದೇನು?"

ಬಾಯಿ ಒಂದೇ, ದಾರಿ ಒಂದೇ. ನಡುವೆ ಬರೀ ಒಂದು ಕಪ್ಪು ಚಹಾ. ಅಷ್ಟರಲ್ಲಿ ನಡೆಯುವವರೆಲ್ಲ ಕುರುಡರಾದರು, ಗಾಡಿಯವರೆಲ್ಲ ಧರ್ಮಾತ್ಮರಾದರು. ನೀವು ಹೀಗೆ ಮಾಡಿಲ್ಲವೇ? ಬೈಕಿನ ಮೇಲೆ ಕೂತಾಗ ಟ್ರ್ಯಾಕ್ಟರಿನವನಿಗೆ ಬೈಯುತ್ತೀರಿ, ಟ್ರ್ಯಾಕ್ಟರ್ ಹತ್ತಿದಾಗ ಬೈಕಿನವನಿಗೆ ಬೈಯುತ್ತೀರಿ, ಇಳಿದು ನಡೆಯುವಾಗ ಇಬ್ಬರಿಗೂ ಸೇರಿಸಿ ಬೈಯುತ್ತೀರಿ. ದಾರಿಯಲ್ಲಿ ತಪ್ಪು ಮಾಡುವವನು ಯಾವಾಗಲೂ ಇನ್ನೊಬ್ಬನೇ!

ಸುಗ್ಗಿ ಮುಗಿಯುವ ಹೊತ್ತಿಗೆ ಆ ದಾರಿಯಲ್ಲಿ ಕುರಿಗಾರರು ಬಂದರು. ನಿಮಗೆ ಗೊತ್ತಲ್ಲ, ಕುರಿ ಹಿಂಡಿನ ಜೊತೆ ಅವರ ಇಡೀ ಸಂಸಾರ ಕುದುರೆಯ ಮೇಲೆ ಬರುತ್ತದೆ. ಕಂಬಳಿ, ಕೊಡ, ಕೋಳಿ ಬುಟ್ಟಿ, ಎಲ್ಲದರ ಮೇಲೆ ಒಬ್ಬ ಮುದುಕಿ. ಕುರಿಗಾರನೇನು ಸಂತನಲ್ಲ. ಕುರಿಗಳನ್ನು ದಾರಿಯ ಈ ಅಂಚಿನಿಂದ ಆ ಅಂಚಿನವರೆಗೆ ಹಾಸಿಬಿಟ್ಟು, ತಾನು ಇನ್ನೊಂದು ಕುದುರೆಯ ಮೇಲೆ ಕೂತು ಮೊಬೈಲಿನಲ್ಲಿ ಕುಸ್ತಿ ನೋಡುತ್ತ ಬರುತ್ತಿದ್ದ. ಸಾಹುಕಾರ ಹಿಂದಿನಿಂದ ಬಂದವನೇ ಹಾಡು ಹೇಳುವ ಹಾರ್ನ್ ಒತ್ತಿದ. ಮುದುಕಿಯ ಕುದುರೆಗೆ ಸಂಗೀತ ಹಿಡಿಸಲಿಲ್ಲ. ಮುಂಗಾಲು ಎತ್ತಿತು, ಕಬ್ಬಿನೊಳಗೆ ನುಗ್ಗಿತು. ಕಂಬಳಿ ಒಂದು ಕಡೆ, ಕೋಳಿ ಒಂದು ಕಡೆ, ಮುದುಕಿ ಹೊಲದ ಕಾಲುವೆಯಲ್ಲಿ.

"ಕುದರಿಗೆ ಕೇಳಂಗ ಹಾಡ ಹಚ್ಚೀಯಲ್ಲೋ, ನಿನ್ನ ಜೀಪಿನ ಗಾಲಿ ಕಳಚಿ ಬೀಳ್ಲಿ!" ಎಂದು ಮುದುಕಿ ಕಾಲುವೆಯಿಂದಲೇ ಶಾಪ ಹಾಕಿದಳು.

"ಕುದರಿ ಮ್ಯಾಲೆ ಮೆರವಣಿಗಿ ಹೊಂಟಾಕಿ, ಹಾರ್ನಿಗೆ ಅಂಜಿದ್ರ ಹೆಂಗಬೇ?" ಎಂದ ಸಾಹುಕಾರ. ಕಬ್ಬು ಎಷ್ಟು ಮುರಿಯಿತು ಎಂದು ಇಳಿದು ನೋಡಿದ. ಮುದುಕಿಯ ಸೊಂಟ ನೋಡಲಿಲ್ಲ.

ಹೀಗೆ ಆ ತಿರುವಿನಲ್ಲಿ ಬೀಳುವವರ ಸಂಖ್ಯೆ ಬೆಳೆಯಿತು. ಹಾಲಿನವನು ಕ್ಯಾನಿನ ಸಮೇತ ಬಿದ್ದ. ಸಾಲೆಗೆ ಹೋಗುವ ಹುಡುಗಿಯರು ಮೂರು ಸೈಕಲ್ ಒಂದೇ ಸಾಲಿನಲ್ಲಿ ಹೊಡೆಯುತ್ತ, ಕಿಸಿಕಿಸಿ ನಗುತ್ತ ತಿರುವಿಗೆ ಬಂದರು. ಎದುರಿಗೆ ಟ್ರ್ಯಾಕ್ಟರ್. ಒಬ್ಬಳ ಕಾಲು ಮುರಿಯಿತು. ಆ ವರ್ಷ ಆಕೆ ಪರೀಕ್ಷೆಗೆ ಕೂರಲಿಲ್ಲ. ಮುಂದಿನ ವರ್ಷ ಸಾಲೆಯನ್ನೇ ಬಿಡಿಸಿದರು. ಇದು ನಗುವ ಮಾತಲ್ಲ, ಹೇಳಿಬಿಡುತ್ತೇನೆ. ನಾವು ಗಾಡಿಯನ್ನು ಜೋರು ಮಾಡಿದಾಗಲೆಲ್ಲ ಯಾರದೋ ಮನೆಯಲ್ಲಿ ಒಂದು ಹುಡುಗಿಯ ಸಾಲೆ ನಿಲ್ಲುತ್ತದೆ.

ಊರವರು ಸಾಹುಕಾರನ ಕಟ್ಟೆಯ ಮೇಲೆ ಸೇರಿದರು. ಒಬ್ಬ ಹಿರಿಯ ಎಲೆ ಅಡಿಕೆ ಮೆಲ್ಲುತ್ತ, "ಆ ತಿರುವಿನ್ಯಾಗ ಏನೋ ಐತ್ರಿ ಸಾವಕಾರ್ರ" ಎಂದ.

"ಐತಿ" ಎಂದಳು ತಂಗೆವ್ವ. ಬಾಗಿಲಲ್ಲೇ ನಿಂತಿದ್ದಳು.

ಎಲ್ಲರೂ ಗಾಬರಿಯಾದರು. "ಏನೈತಬೇ?"

"ಕಬ್ಬ ಐತಿ. ಹಾದಿ ಬಾಜು ಕಬ್ಬ ಕಡೀರಿ, ಎದುರ ಬರೋರು ಕಾಣ್ತಾರ. ಕಂಡ್ರ ಯಾರೂ ಯಾರಿಗೂ ಹಾಯೂದಿಲ್ಲ."

ಎಲ್ಲರೂ ಎಲೆ ಅಡಿಕೆಯ ತಟ್ಟೆಗೆ ಕೈ ಹಾಕಿದರು. ಕಬ್ಬು ಯಾರದು? ಸಾಹುಕಾರನದು. ಕಟ್ಟೆ ಯಾರದು? ಸಾಹುಕಾರನದು. ಎಲೆ ಅಡಿಕೆ ಯಾರದು? ಅದೂ ಆತನದೇ. ಹಾಗಾದರೆ ತಪ್ಪು ಕಬ್ಬಿನದು ಹೇಗಾಗುತ್ತದೆ? ಹಿರಿಯ ಕೆಮ್ಮಿ, ಅಲ್ಲಿ ಗಾಳಿ ಇದೆ ಎಂದು ತೀರ್ಪು ಕೊಟ್ಟ. ಗಾಳಿ ಅಂದರೆ ದೆವ್ವ. ದೆವ್ವಕ್ಕೆ ಹೊಲವಿಲ್ಲ, ಕಟ್ಟೆಯಿಲ್ಲ, ತನ್ನ ಪರವಾಗಿ ಮಾತಾಡುವವರು ಇಲ್ಲ. ತಪ್ಪು ಹೊರಿಸಲು ಅದಕ್ಕಿಂತ ಒಳ್ಳೆಯವರು ಯಾರು ಸಿಗುತ್ತಾರೆ ಹೇಳಿ?

"ಅಲ್ಲೊಂದು ದೇವ್ರನ್ನ ಕುಂಡ್ರಸೂಣು" ಎಂದ ಸಾಹುಕಾರ.

ಲೆಕ್ಕ ಸರಳ. ಬದಿಯ ಕಬ್ಬು ಕಡಿದರೆ ಉದ್ದಕ್ಕೂ ಭೂಮಿ ಬಿಡಬೇಕು. ದೇವರಿಗೆ ಎಷ್ಟು ಬೇಕು? ಚಾಪೆ ಹಾಸುವಷ್ಟು ಜಾಗ. ನೋಡಿ, ನಮ್ಮ ಜನಕ್ಕೆ ಸರಿಯಾದ ಕೆಲಸ ಮಾಡುವುದಕ್ಕಿಂತ ದೇವರು ಯಾವಾಗಲೂ ಅಗ್ಗವಾಗಿ ಸಿಗುತ್ತಾನೆ.

ಬೇವಿನ ಗಿಡದ ಕೆಳಗೆ, ಡಾಂಬರಿಗೆ ತಾಗಿ, ಒಂದು ಗುಂಡುಕಲ್ಲು ನಿಲ್ಲಿಸಿದರು. ಕೇಸರಿ ಬಣ್ಣ ಬಳಿದರು, ಬೆಳ್ಳಿಯ ಕಣ್ಣು ಹಚ್ಚಿದರು, ಗಂಟೆ ಕಟ್ಟಿದರು. ತಿರುವಿನಲ್ಲಿದ್ದ ಕಾರಣ ತಿರುವಪ್ಪ ಎಂದು ಹೆಸರಿಟ್ಟರು. ಸ್ಥಾಪನೆಯ ದಿನ ದೊಡ್ಡ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ದೇವರು ಮುಷ್ಟಿಯಷ್ಟು, ಕೈ ಮುಗಿದು ನಿಂತ ಸಾಹುಕಾರ ಬಾಗಿಲಿನಷ್ಟು. ಫ್ಲೆಕ್ಸ್ ಎಲ್ಲಿ ಕಟ್ಟಿದರು? ತಿರುವಿನ ಒಳಮೈಗೆ. ಕಬ್ಬಿನ ಸಂದಿಯಿಂದ ಅಲ್ಪಸ್ವಲ್ಪ ಕಾಣುತ್ತಿದ್ದ ದಾರಿಯೂ ಸಾಹುಕಾರನ ಹೊಟ್ಟೆಯ ಹಿಂದೆ ಮರೆಯಾಯಿತು.

ಈಗ ನೋಡಿ ಮಜಾ. ನಾವು ದೇವರು ಕಂಡರೆ ಸುಮ್ಮನೆ ಹೋಗುವ ಜನರೇ? ಬೈಕಿನವನು ತಿರುವಿಗೆ ಬಂದ ಕೂಡಲೇ ಹ್ಯಾಂಡಲಿನಿಂದ ಕೈ ತೆಗೆದು ಹಣೆಗೆ, ತುಟಿಗೆ, ಎದೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಟ್ರ್ಯಾಕ್ಟರಿನವನು ಇನ್ನೂ ದೊಡ್ಡ ಭಕ್ತ, ಎರಡೂ ಕೈ ಎತ್ತಿ ಮುಗಿಯುತ್ತಿದ್ದ, ಟ್ರ್ಯಾಕ್ಟರ್ ತನಗೆ ತೋಚಿದ ಕಡೆ ಹೋಗುತ್ತಿತ್ತು. ಸೈಕಲ್ಲಿನವರು ಕಣ್ಣು ಮುಚ್ಚುತ್ತಿದ್ದರು. ನಡೆದು ಬಂದವರು ದಾರಿಯ ನಟ್ಟನಡುವೆ ಚಪ್ಪಲಿ ಬಿಟ್ಟು, ಅಲ್ಲೇ ನಿಂತು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದರು. ಕುರಿಗಾರರು ಕುದುರೆಯನ್ನು ದಾರಿಗೆ ಅಡ್ಡ ನಿಲ್ಲಿಸಿ ಕಾಯಿ ಒಡೆಯುತ್ತಿದ್ದರು. ಇಡೀ ದಾರಿಯಲ್ಲಿ ಎರಡೂ ಕೈಯಿಂದ ಹ್ಯಾಂಡಲ್ ಹಿಡಿಯಲೇಬೇಕಾದ ಜಾಗ ಒಂದೇ ಒಂದು ಇತ್ತು. ಆ ಜಾಗದಲ್ಲಿ ಇಡೀ ಊರು ಕೈ ಬಿಡುವಂತೆ ಮಾಡಿದ ಬುದ್ಧಿವಂತರು ನಾವು!

ಬೀಳುವವರು ಕಡಿಮೆಯಾದರೇ? ಹೆಚ್ಚಾದರು. ಆದರೆ ಒಂದು ವಿಚಿತ್ರ. ಬಿದ್ದವನು ಕೈ ಮುರಿದುಕೊಂಡು ಎದ್ದ ಕೂಡಲೇ ಜನ ಏನನ್ನುತ್ತಿದ್ದರು? "ತಿರುವಪ್ಪ ಇದ್ದ, ಅದಕ್ಕ ಜೀವ ಉಳೀತು!" ಹೆಚ್ಚು ಜನ ಬಿದ್ದಷ್ಟೂ ತಿರುವಪ್ಪನ ಮಹಿಮೆ ಹೆಚ್ಚಾಯಿತು. ಪಾಪ ಆ ಕಲ್ಲು! ತಾನೇನು ಮಾಡಿದೆ ಎಂದು ಅದಕ್ಕೂ ಗೊತ್ತಿರಲಿಲ್ಲ.

ತಂಗೆವ್ವ ಮಾತ್ರ ದಿನಾ ಬೆಳಗ್ಗೆ ಎಮ್ಮೆ ಹಿಂಡಲು ತೋಟಕ್ಕೆ ನಡೆದೇ ಹೋಗುತ್ತಿದ್ದಳು. ಆಳುಗಳಿದ್ದರು, ಆದರೆ ಆಕೆಯ ಎಮ್ಮೆಗಳು ಬೇರೆಯವರ ಕೈಗೆ ಹಾಲು ಬಿಡುತ್ತಿರಲಿಲ್ಲ. ಜೀಪು ಹತ್ತು ಎಂದು ಸಾಹುಕಾರ ಎಷ್ಟೋ ಸಲ ಕರೆದಿದ್ದ.

"ಒಲ್ಲೆರಿ. ನಿಮ್ಮ ಬಾಜು ಕುಂತ್ರ ಕಾಲ ಬುಡಕ ಬ್ರೇಕ್ ಹುಡಿಕಿ ಹುಡಿಕಿ ನನ್ನ ಮೊಣಕಾಲ ನೋಯ್ತಾವು" ಎನ್ನುತ್ತಿದ್ದಳು.

ತಾಯಂದಿರು ನಗುತ್ತಿದ್ದೀರಿ. ನಿಮ್ಮ ಮೊಣಕಾಲು ಯಾಕೆ ನೋಯುತ್ತವೆ ಎಂದು ಮನೆಯವರಿಗೆ ಇವತ್ತು ಗೊತ್ತಾಯಿತು, ಬಿಡಿ.

ಒಂದು ಬೆಳಗ್ಗೆ ಸಾಹುಕಾರ ಜೀಪಿನಲ್ಲಿ ತೋಟಕ್ಕೆ ಹೊರಟ. ನೀರು ಬಿಡುವ ಪಾಳಿ ತಪ್ಪಬಾರದೆಂದು ಅವಸರದಲ್ಲಿದ್ದ. ತಿರುವು ಬಂತು. ಬೇರೆಯವರು ಒಂದು ಕೈ ಎತ್ತಿದರೆ ನಡೆದೀತು. ಸ್ಥಾಪನೆ ಮಾಡಿದವನು ಒಂದೇ ಕೈ ಎತ್ತಿದರೆ ದೇವರು ಏನಂದುಕೊಂಡಾನು? ಆತ ಸ್ಟೇರಿಂಗ್ ಬಿಟ್ಟ. ಎರಡೂ ಕೈ ಜೋಡಿಸಿದ. ಕಣ್ಣು ಮುಚ್ಚಿದ. 'ತಿರುವಪ್ಪಾ, ಎಲ್ಲರನ್ನೂ ಕಾಪಾಡು' ಎಂದ. ಎಲ್ಲರನ್ನೂ! ಎಂಥ ದೊಡ್ಡ ಮನಸ್ಸು ನೋಡಿ.

ಧಡ್ ಎಂದು ಸದ್ದಾಯಿತು.

ಸಾಹುಕಾರ ಬ್ರೇಕ್ ಒತ್ತಿದ. ಆತನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಯಾರದೋ ಕರು ಅಡ್ಡ ಬಂತು ಎಂದುಕೊಂಡ. ಬಂಪರಿಗೆ ಏನಾಯಿತೋ ಎಂದುಕೊಂಡ. ಬಾಗಿಲು ತೆಗೆದು ಇಳಿಯುವಾಗಲೇ ಬೈಗುಳ ಶುರು ಮಾಡಿದ. "ಯಾವನಲೇ ಅಂವ, ಹಾದ್ಯಾಗ ದನಾ ಬಿಟ್ಟಾಂವ? ನಿನ್ನ ಮನೀಗಿ..." ಆ ಬೈಗುಳ ಪೂರ್ತಿಯಾಗಲಿಲ್ಲ. ಕಬ್ಬಿನ ಬುಡದಲ್ಲಿ ಹಸಿರು ಇಳಕಲ್ ಸೀರೆಯ ಕೆಂಪು ಸೆರಗು ಕಂಡಿತು. ಹಾಲಿನ ಕೊಡ ಉರುಳಿ, ಬಿಳಿ ಹಾಲು ಡಾಂಬರಿನ ಮೇಲೆ ಹರಿಯುತ್ತಿತ್ತು. ಆ ಸೀರೆಯನ್ನು ಆತನೇ ತಂದುಕೊಟ್ಟಿದ್ದ.

ಈಗ ಯಾರೂ ನಗುತ್ತಿಲ್ಲ. ಸರಿ.

"ತಂಗೀ! ತಂಗೀ!" ಎಂದು ಆತ ಕಬ್ಬಿನೊಳಗೆ ಬಿದ್ದು ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಮದುವೆಯಾದ ಹೊಸದರಲ್ಲಿ ಆಕೆಯ ಹೆಸರನ್ನು ಮೊಟಕು ಮಾಡಿ ಹಾಗೆ ಕರೆಯುತ್ತಿದ್ದ, ಮಕ್ಕಳಾದ ಮೇಲೆ ಬಿಟ್ಟಿದ್ದ. ಆಕೆ ಕಣ್ಣು ಬಿಡಲಿಲ್ಲ. ಉಸಿರು ಮಾತ್ರ ಇತ್ತು. ಕಳೆ ತೆಗೆಯಲು ಹೊರಟಿದ್ದ ಹೆಣ್ಣಾಳುಗಳು ಓಡಿ ಬಂದರು, ಎಲ್ಲರೂ ಸೇರಿ ಆಕೆಯನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಪೇಟೆಯ ಆಸ್ಪತ್ರೆಗೆ ಹೋಗಬೇಕು. ಊರು ದಾಟಿದ ಮೇಲೂ ಹಾಗೇ ಕಬ್ಬಿನ ನಡುವಿನ ಸಣ್ಣ ದಾರಿ.

ಸಾಹುಕಾರ ಜೋರಾಗಿ ಹೊಡೆದನೇ? ಹೊಡೆಯಲು ಹೋದ. ಮೊದಲ ತಗ್ಗಿಗೆ ಜೀಪು ಎಗರಿದಾಗ ಹಿಂದಿನಿಂದ ಆಕೆ ಚೀರಿದಳು. ಆ ಚೀರಾಟ ಕೇಳಿ ಆತನ ಕಾಲು ತಾನಾಗಿ ಎದ್ದಿತು. ಜೀವಮಾನದಲ್ಲಿ ಮೊದಲ ಸಲ ಆತ ನಿಧಾನವಾಗಿ ಗಾಡಿ ಹೊಡೆದ. ಅವಸರ ಇಲ್ಲದಾಗ ಹಾರಿ ಹೋಗುತ್ತಿದ್ದವನು, ಅವಸರ ಇದ್ದಾಗ ತೆವಳುತ್ತ ಹೋದ.

ಹಿಂದೆ ಹಾರ್ನ್‌ಗಳು ಶುರುವಾದವು. ಬೈಕಿನ ಮೇಲೆ ಮೂವರು ಹುಡುಗರು ಕಬ್ಬಿಗೆ ಉಜ್ಜಿಕೊಂಡು ಮುಂದೆ ಬಂದು, "ಏ ಮುದುಕಾ, ಎತ್ತಿನ ಗಾಡಿ ಹೊಡಿಯಾಕತ್ತಿಯೇನೋ? ಹಾದಿ ಬಿಡೋ!" ಎಂದು ಕೂಗಿ ಹೋದರು. ಸಾಹುಕಾರ ಬೈಯಲಿಲ್ಲ. ಬೈಯುವ ಮಾತುಗಳೆಲ್ಲ ಆತನವೇ ಆಗಿದ್ದವು, ಬೇರೆಯವರ ಬಾಯಲ್ಲಿ ಈಗ ಕೇಳುತ್ತಿದ್ದವು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು, ಹಾಡು ಭೋರ್ಗರೆಯುತ್ತಿತ್ತು, ಸೈಡ್ ಕೊಡಲೊಲ್ಲದು. ಸಾಹುಕಾರ ಜೀಪು ನಿಲ್ಲಿಸಿ, ಇಳಿದು, ಓಡಿ ಹೋಗಿ ಡ್ರೈವರನ ಮುಂದೆ ನಿಂತು ಕೈ ಮುಗಿದ.

"ಯಪ್ಪಾ, ಸೈಡ್ ಕೊಡೋ. ಮನಿಯಾಕಿ ಹಿಂದ ಮಲಗ್ಯಾಳ. ನಿನ್ನ ಕಾಲ ಬೀಳ್ತೀನಿ."

ಡ್ರೈವರ್ ಹಾಡು ನಿಲ್ಲಿಸಿದ. "ಅಯ್ಯ, ಅದನ್ನ ಮೊದಲ ಹೇಳಬಾರದೇನ್ರಿ?" ಎಂದ. ಹೇಗೆ ಹೇಳಬೇಕಿತ್ತು? ಹಾಡು ಬಿಟ್ಟು ಬೇರೆ ಏನು ಕೇಳುತ್ತಿತ್ತು ಆತನಿಗೆ?

ಅಷ್ಟು ನಿಧಾನವಾಗಿ ಹೋಗುವಾಗ ಸಾಹುಕಾರನಿಗೆ ದಾರಿಯಲ್ಲಿರುವವರ ಮುಖಗಳು ಕಂಡವು. ಬುಟ್ಟಿ ಹೊತ್ತವಳೊಬ್ಬಳು ಜೀಪಿನ ಸದ್ದಿಗೆ ಹೆದರಿ ಮಗುವನ್ನು ಎದೆಗವಚಿಕೊಂಡು ರವದಿಯೊಳಗೆ ಸರಿದಳು. ಸೈಕಲ್ ಹುಡುಗಿಯೊಬ್ಬಳು ಕಾಲು ಊರಿ ಕಣ್ಣು ಬಿಗಿಮುಚ್ಚಿ ನಿಂತಿದ್ದಳು. ಇಷ್ಟು ವರ್ಷ ಅವರೆಲ್ಲ ಆತನಿಗೆ ಅಡ್ಡ ಬರುವ ಬೆನ್ನುಗಳಾಗಿದ್ದರು. ತನ್ನನ್ನು ಕಂಡು ಇವರೆಲ್ಲ ದಿನಾ ಹೀಗೆ ಹೆದರುತ್ತಿದ್ದರೇ ಎಂದು ಆತನಿಗೆ ನಾಚಿಕೆಯಾಯಿತು. ಅಳುತ್ತ ಗಾಡಿ ಹೊಡೆದ.

ಆಸ್ಪತ್ರೆಯಲ್ಲಿ ಸೊಂಟದ ಎಲುಬು ಮುರಿದಿದೆ, ಕೈ ಮುರಿದಿದೆ, ರಕ್ತ ಬಹಳ ಹೋಗಿದೆ ಎಂದರು. ಉಳಿಯುತ್ತಾಳೋ ಇಲ್ಲವೋ ನಾಳೆ ಹೇಳುತ್ತೇವೆ ಎಂದರು. ಸಾಹುಕಾರ ಹೊರಗಿನ ಬೆಂಚಿನ ಮೇಲೆ ಕೂತ. ಊರವರು ಬಂದರು. ಹಿರಿಯ ಪಕ್ಕದಲ್ಲಿ ಕೂತು, "ತಿರುವಪ್ಪ ಕಾಪಾಡ್ತಾನ ಬಿಡ್ರಿ, ಬೆಳ್ಳಿ ಕಿರೀಟ ಹರಕಿ ಹೊರ್ರಿ" ಎಂದ. ಮುಳುಗುವವನು ಏನನ್ನಾದರೂ ಹಿಡಿಯುತ್ತಾನಲ್ಲ, ಸಾಹುಕಾರ ಹೂಂ ಎಂದ.

ತಂಗೆವ್ವ ಬದುಕಿದಳು. ಎಚ್ಚರವಾದಾಗ ಗಂಡ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಆಕೆ ಆತನ ಕಡೆ ತಲೆ ಹೊರಳಿಸಿದಳು.

"ಜೀಪಿನ್ಯಾಗ ನೀವ ಇದ್ರೆಲ್ರಿ?"

"ಹೂಂ."

"ನಾ ನಿಮ್ಮ ಮಾರಿ ನೋಡಿದ್ನಿ. ನೀವು ಕಣ್ಣ ಮುಚ್ಚಿದ್ರಿ."

"ದೇವರಿಗೆ ಕೈ ಮುಗ್ಯಾಕ..." ಎಂದ ಆತ.

"ದೇವರಿಗೆ ಕೈ ಮುಗ್ಯಾಕ ಹೋಗಿ ನನ್ನ ಕೈ ಬಿಟ್ರೆಲ್ರಿ" ಎಂದಳು ತಂಗೆವ್ವ.

ಕೇಳಿದಿರಾ? ಜೀಪಿನ ಸ್ಟೇರಿಂಗ್ ಬಿಟ್ಟಿರಿ ಎನ್ನಲಿಲ್ಲ, ನನ್ನ ಕೈ ಬಿಟ್ಟಿರಿ ಎಂದಳು. ಅಗ್ನಿ ಸಾಕ್ಷಿಯಾಗಿ ಹಿಡಿದ ಕೈ. ಸಾಹುಕಾರ ಮಂಚದ ಕಂಬಿಗೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತ. ಅತ್ತು ಅತ್ತು, "ನಿನ್ನ ಹೆಸರ್ಲೆ ಬೆಳ್ಳಿ ಕಿರೀಟ ಹರಕಿ ಹೊತ್ತೀನಿ" ಎಂದ.

ಆಕೆಗೆ ಸೊಂಟ ಅಲುಗಾಡಿಸಲು ಆಗುತ್ತಿರಲಿಲ್ಲ, ಇಲ್ಲದಿದ್ದರೆ ಎದ್ದು ಬಾರಿಸುತ್ತಿದ್ದಳೋ ಏನೋ. "ಆ ಕಲ್ಲಿಗೆ ಇನ್ನ ಏನರೆ ಹಾಕಿದ್ರಿ ಅಂದ್ರ ನಾ ನಿಮ್ಮ ಮನೀಗಿ ಬರೂದಿಲ್ಲ. ಅವನ ತೆಲಿಗೆ ಕಿರೀಟ ಬ್ಯಾಡ. ನಿಮ್ಮ ತೆಲ್ಯಾಗ ಬುದ್ಧಿ ಬೇಕಾಗೈತಿ. ನಾ ಮನೀಗಿ ಬರೂದರಾಗ ಹಾದಿ ಬಾಜು ಕಬ್ಬ ಇರಬಾರದು."

ಮರುದಿನ ಬೆಳಗ್ಗೆ ಸಾಹುಕಾರ ಕುಡಗೋಲು ಹಿಡಿದು ತಿರುವಿನಲ್ಲಿ ನಿಂತಿದ್ದ. ಆಳುಗಳಿಗೆ ಹೇಳಬಹುದಿತ್ತು, ಹೇಳಲಿಲ್ಲ. ಇನ್ನೂ ಹಣ್ಣಾಗದ ಕಬ್ಬನ್ನು ಕಡಿಯುತ್ತ ಹೋದ. ದಾರಿಯಲ್ಲಿ ಹೋಗುವವರು, ಸಾಹುಕಾರನಿಗೆ ತಲೆ ಕೆಟ್ಟಿದೆ ಎಂದರು. ತಲೆ ನೆಟ್ಟಗಾದವರನ್ನು ನಮ್ಮೂರಲ್ಲಿ ಹಾಗೇ ಅನ್ನುತ್ತಾರೆ. ಭೂಮಿ ತಿರುಗಿ ತಿರುಗಿ ನುಂಗಿದ್ದ ಬದಿಯನ್ನೆಲ್ಲ ಊರಿನ ಅಂಚಿನಿಂದ ತೋಟದವರೆಗೆ ದಾರಿಗೆ ಬಿಟ್ಟ. ಮಣ್ಣು ಹಾಕಿಸಿ, ನಡೆಯುವವರಿಗೂ ಕುದುರೆಗೂ ಕಾಲಿಡಲು ಬರುವಂತೆ ಗಟ್ಟಿ ಮಾಡಿಸಿದ. ಫ್ಲೆಕ್ಸ್ ಇಳಿಸಿದ. ತನ್ನ ಮುಖ ಕೆಳಗೆ ಬಿದ್ದ ಮೇಲೆ ತಿರುವಿನ ಆಚೆಗೆ ಎರಡು ಹೊಲದಷ್ಟು ದೂರ ದಾರಿ ಕಂಡಿತು.

ಉಳಿದದ್ದು ತಿರುವಪ್ಪ. ಕಲ್ಲು ಕೀಳಲು ಊರು ಬಿಡಲಿಲ್ಲ. ದೇವರನ್ನು ಎಬ್ಬಿಸಿದರೆ ಊರಿಗೆ ಕೇಡು ಎಂದು ಗದ್ದಲ ಮಾಡಿತು. ಸಾಹುಕಾರ ಯೋಚಿಸಿದ. ಕೀಳಲಿಲ್ಲ. ಹಾರೆ ಹಾಕಿ ಕಲ್ಲನ್ನು ನಿಂತಲ್ಲೇ ತಿರುಗಿಸಿದ. ಬೆಳ್ಳಿ ಕಣ್ಣು ಹೊಲದ ಕಡೆ, ಬೆನ್ನು ದಾರಿಯ ಕಡೆ.

ಊರು ಹೌಹಾರಿತು. "ದೇವರು ನಮಗ ಬೆನ್ನ ತೋರ್ಸೂದೇನ್ರಿ ಸಾವಕಾರ್ರ?" ಎಂದು ಹಿರಿಯ ಕುದಿದ.

"ಮಾರಿ ನೋಡೋರು ಗಾಡಿ ಬಾಜು ಹಚ್ಚಿ, ಇಳದು, ಹೊಲಕ್ಕ ಹೋಗಿ ನೋಡ್ರಿ. ಎಷ್ಟೊತ್ತರೆ ಕೈ ಮುಗೀರಿ, ನಾ ಏನೂ ಅನ್ನೂದಿಲ್ಲ. ಗಾಡಿ ಮ್ಯಾಲೆ ಕುಂತೋರಿಗೆ ದೇವರ ಮಾರಿ ಬ್ಯಾಡ, ಎದುರ ಬರೋರ ಮಾರಿ ಕಂಡ್ರ ಸಾಕು" ಎಂದ ಸಾಹುಕಾರ.

ತಂಗೆವ್ವ ಮನೆಗೆ ಬಂದಳು. ಪೂರ್ತಿ ಗುಣವಾದಳು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಿ ಕಳಿಸಬಹುದು, ಆದರೆ ಸುಳ್ಳಾಗುತ್ತದೆ. ಆಕೆ ಮತ್ತೆ ಮೊದಲಿನಂತೆ ನಡೆಯಲಿಲ್ಲ. ಊರುಗೋಲು ಹಿಡಿದು, ಒಂದು ಕಾಲು ಎಳೆದುಕೊಂಡು, ಹೊಸ ಮಣ್ಣಿನ ಬದಿಯ ಮೇಲೆ ತೋಟಕ್ಕೆ ಹೋಗುತ್ತಿದ್ದಳು. ಎಮ್ಮೆ ಹಿಂಡಲು ಕೈಗೆ ಬಲ ಸಾಲುತ್ತಿರಲಿಲ್ಲ, ಸುಮ್ಮನೆ ಅವುಗಳ ಮೈ ಸವರಿ ಬರುತ್ತಿದ್ದಳು. ಸಾಹುಕಾರ ಡಾಂಬರಿನ ಕಡೆ ತಾನಿದ್ದು, ಆಕೆಯನ್ನು ಹೊಲದ ಕಡೆ ಬಿಟ್ಟು, ಕೈ ಹಿಡಿದುಕೊಂಡು ಜೊತೆಗೆ ನಡೆಯುತ್ತಿದ್ದ. ಆ ವಯಸ್ಸಿನಲ್ಲಿ ಹೆಂಡತಿಯ ಕೈ ಹಿಡಿದು ಹೋಗುವುದನ್ನು ನೋಡಿ ಊರು ನಕ್ಕಿತು. ಆತ ಬಿಡಲಿಲ್ಲ.

ಕಥೆ ಮುಗಿಯಿತು. ಆ ಸಾಹುಕಾರ ಯಾರು ಎಂದು ಅಕ್ಕಪಕ್ಕ ನೋಡಬೇಡಿ. ಮುಂದೆ ನೋಡುತ್ತ ಕೂತುಕೊಳ್ಳಿ. ಡಾಂಬರಿನ ಅಂಚಿಗೆ ಬೆಳೆ ಹಚ್ಚಿದವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. ಯಾರೂ ಎತ್ತುವುದಿಲ್ಲ, ಗೊತ್ತು. ಹಾಗಾದರೆ ನಾನು ಬರುವಾಗ ನನ್ನ ಮುಖ ಗೀರಿದ್ದು ಯಾರ ಗೋವಿನಜೋಳ? ನಾಳೆ ಬೆಳಗ್ಗೆ ಹೋಗಿ ಅಷ್ಟು ಜಾಗ ಬಿಟ್ಟುಬಿಡಿ, ದೇವರಿಗೆಂದಲ್ಲ, ಬುಟ್ಟಿ ಹೊತ್ತವಳಿಗೆ. ರಾಶಿಯನ್ನು ದಾರಿಯ ಮೇಲೆ ಹರವಿ, ಸುತ್ತ ಕಲ್ಲಿಟ್ಟು, ಕಲ್ಲು ಅಲ್ಲೇ ಬಿಟ್ಟು ಬರುವವರೂ ಇದ್ದೀರಿ. ನಿಮ್ಮ ಕಾಳು ಮನೆಗೆ ಬಂತು, ಆ ಕಲ್ಲಿಗೆ ಬಿದ್ದವನ ಮನೆಗೆ ಏನು ಬಂತು ಅಂತ ಒಮ್ಮೆ ಹೋಗಿ ವಿಚಾರಿಸಿ.

ಟ್ರ್ಯಾಕ್ಟರಿನವರೇ, ಟ್ರೇಲರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಹಚ್ಚಿ. ಪ್ರೇಮದ ಸಾಲು ಬರೆಸಲು ಜಾಗ ಇದೆ, ಪಟ್ಟಿ ಹಚ್ಚಲು ಜಾಗ ಇಲ್ಲವೇ? ಹಾಡು ಹಾಕಿ, ಹಿಂದಿನವರ ಕೂಗು ಕೇಳುವಷ್ಟು ಸಣ್ಣದಾಗಿ ಹಾಕಿ. ಸೈಕಲ್ ಮಕ್ಕಳೇ, ಮಾತು ಮನೆಯಲ್ಲಿ ಆಡಿ, ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಿ. ನಡೆಯುವವರೇ, ಗಾಡಿ ಎದುರಿಗೆ ಕಾಣುವಂತೆ ಬಲಬದಿಗೆ ನಡೆಯಿರಿ, ಬರುವುದನ್ನು ನೋಡುತ್ತ ನಡೆಯಿರಿ. ಕುರಿಗಾರ ಅಣ್ಣಂದಿರೇ, ದಾರಿಯ ಅರ್ಧವಾದರೂ ಬಿಡಿ. ಉಳಿದವರೇ, ಕುದುರೆ ಕಂಡಾಗ ಹಾರ್ನ್ ಒತ್ತಬೇಡಿ, ಗಾಡಿ ನಿಲ್ಲಿಸಿ, ಅದು ದಾಟಿದ ಮೇಲೆ ಹೋಗಿ. ಒಂದು ಕ್ಷಣ ತಡವಾದರೆ ನಿಮ್ಮ ತೋಟ ಎಲ್ಲಿಗೂ ಓಡಿಹೋಗುವುದಿಲ್ಲ. ತಿರುವಿಗೆ ಬಂದಾಗ ಆಚೆ ಕಡೆಯಿಂದ ನಿಮ್ಮ ಮನೆಯವರೇ ನಡೆದು ಬರುತ್ತ ಇದ್ದಾರೆ ಎಂದು ತಿಳಿಯಿರಿ. ಬೇರೆ ಯಾರದೋ ಮನೆಯವರು ಖಂಡಿತ ಬರುತ್ತ ಇರುತ್ತಾರೆ.

ಇನ್ನು ನನ್ನದೊಂದು ಬೇಡಿಕೆ. ನಾಳೆ ಬೆಳಗ್ಗೆ ನಾನು ಇದೇ ತೋಟದ ದಾರಿಯಲ್ಲಿ ನಡೆದು ಮಠಕ್ಕೆ ಹೋಗುತ್ತೇನೆ. ನಿಮ್ಮಲ್ಲಿ ಬಹಳ ಜನ ಬೈಕಿನ ಮೇಲೆ ಎದುರಾಗುತ್ತೀರಿ. ದಯವಿಟ್ಟು ನನಗೆ ನಮಸ್ಕಾರ ಮಾಡಬೇಡಿ. ನಿನ್ನೆ ಒಬ್ಬ ಭಕ್ತ ಎರಡೂ ಕೈ ಎತ್ತಿ 'ಶರಣಾರ್ಥಿರೀ ಬುದ್ದೀ' ಎಂದ, ನಾನು ಕಾವಿ ಎತ್ತಿಕೊಂಡು ಜೋಳದೊಳಗೆ ಹಾರಿದೆ. ಎರಡೂ ಕೈ ಹ್ಯಾಂಡಲ್ ಮೇಲಿರಲಿ. ಕಣ್ಣು ನನ್ನ ಮೇಲೆ ಬೇಡ, ದಾರಿಯ ಮೇಲಿರಲಿ. ಸುಮ್ಮನೆ ಗೇರ್ ಇಳಿಸಿ, ದೂರ ಬಿಟ್ಟು, ಮೆಲ್ಲಗೆ ದಾಟಿ ಹೋಗಿ. ಆ ಗೇರ್ ಇಳಿದ ಸದ್ದು ನನಗೆ ಕೇಳುತ್ತದೆ. ಅದನ್ನೇ ನಮಸ್ಕಾರ ಎಂದು ತಿಳಿದು ನಾನು ಆಶೀರ್ವಾದ ಮಾಡುತ್ತೇನೆ.